ಅಪ್ಪಟ ಕನ್ನಡದ ಪಾಸ್‌ವರ್ಡ್

ಕನ್ನಡಾಭಿಮಾನವನ್ನು ಎಲ್ಲಿ ಬೇಕಾದರೂ ಮೆರೆಯಿರಿ, ಕಂಪ್ಯೂಟರಿನ ಪಾಸ್‌ವರ್ಡಿನಲ್ಲಿ ಮಾತ್ರ ಬೇಡ. ಹಾನಗಲ್ಲಿನಲ್ಲಿ ಕನ್ನಡ ಮಾಸ್ತರನಾಗಿ ನಿವೃತ್ತನಾದ ನಾನು ಈ ಮಾತು ಹೇಳಬೇಕಾಗಿ ಬಂದದ್ದು ನನಗೂ ಸಂಕಟವೇ.

ನಮ್ಮ ಮನೆಯ ಕಂಪ್ಯೂಟರಿಗೆ ವೈರಸ್ ಹೊಕ್ಕಿತ್ತು. ಬಸ್‌ಸ್ಟ್ಯಾಂಡಿನ ಹತ್ತಿರ ಕಂಪ್ಯೂಟರ್ ಕ್ಲಾಸು ನಡೆಸುವ ನನ್ನ ಹಳೆಯ ವಿದ್ಯಾರ್ಥಿನಿ ಶೋಭಾ ಬಂದು, ಎಲ್ಲವನ್ನೂ ಅಳಿಸಿ ಹೊಸದಾಗಿ ಸಾಫ್ಟ್‌ವೇರ್ ಹಾಕಿದಳು. ಮೊದಲಿಗೆ ಕನ್ನಡವೇ ನೆಟ್ಟಗೆ ಮೂಡಲಿಲ್ಲ. ಒತ್ತಕ್ಷರಗಳು ಮುನಿಸಿಕೊಂಡ ಬೀಗರಂತೆ ಪಕ್ಕಕ್ಕೆ ಸರಿದು ಕುಳಿತಿದ್ದವು. ಅದನ್ನೂ ರಿಪೇರಿ ಮಾಡಿ, ಹೊರಡುವಾಗ ಹೇಳಿದಳು: “ಸರ್, ಪಾಸ್‌ವರ್ಡ್ ಗಟ್ಟಿ ಇಡ್ರಿ. ಯಾರಿಗೂ ಹೊಳೀಬಾರದು.”

ಆ ವಾರವೆಲ್ಲ ನನ್ನ ಹೆಂಡತಿ ಗಿರಿಜಾ ಮಾಸೂರಿನಲ್ಲಿರುವ ತನ್ನ ಚಿಗವ್ವನಿಗೆ, ಅಂದರೆ ಚಿಕ್ಕಮ್ಮನಿಗೆ, ಫೋನ್ ಹಚ್ಚಿ, ಅವರು ಹಾಡಿದ ಸೋಬಾನೆ ಪದಗಳನ್ನು ಟೈಪು ಮಾಡಿದಳು. ಅಕ್ಕಿಆಲೂರಿನಲ್ಲಿ ಅವಳ ತಂಗಿಯ ಮಗಳ ಮದುವೆಯಿತ್ತು. ಅರಿಷಿಣದ ದಿನ ಹಾಡುವ ಜವಾಬ್ದಾರಿ ಇವಳದು.

ಹೊರಡುವ ಹಿಂದಿನ ದಿನ ನನಗೆ ಶೋಭಾಳ ಮಾತು ನೆನಪಾಯಿತು. ಜಗತ್ತಿನ ಕಳ್ಳರಿಗೆಲ್ಲ ಇಂಗ್ಲಿಷ್ ಗೊತ್ತು, ಹಳಗನ್ನಡ ಯಾರಿಗೆ ಗೊತ್ತು? ಒತ್ತಕ್ಷರ ತುಂಬಿದ ಒಂದು ಪದ ಹುಡುಕಿ ಪಾಸ್‌ವರ್ಡ್ ಮಾಡಿದೆ. ಮರೆತರೆ ಇರಲೆಂದು ಕಂಪ್ಯೂಟರು ಕೇಳಿದ ಪ್ರಶ್ನೆಗೂ, ಅಂದರೆ ಮೊದಲ ಶಾಲೆಯ ಹೆಸರಿಗೂ, ಕನ್ನಡದಲ್ಲೇ ಉತ್ತರ ಕೊಟ್ಟೆ. ಕೋಟೆ ಕಟ್ಟಿದವನ ಹಾಗೆ ನೆಮ್ಮದಿಯಾಗಿ ಮಲಗಿದೆ.

ಬೆಳಿಗ್ಗೆ ನೋಡಿದರೆ, ಪಾಸ್‌ವರ್ಡ್ ಕೇಳುವ ಪರದೆಗೆ ಕನ್ನಡ ಅಕ್ಷರವೇ ಬಾರದು. ಯಾವ ಕೀಲಿ ಒತ್ತಿದರೂ ಇಂಗ್ಲಿಷೇ ಬೀಳುತ್ತಿತ್ತು. ಶಾಲೆಯ ಹೆಸರಿಗೂ ಅದೇ ಗತಿ. ಸೀರೆಯುಟ್ಟು ಸಿದ್ಧಳಾಗಿದ್ದ ಗಿರಿಜಾ ಹಿಂದೆ ಬಂದು ನಿಂತಳು.

“ಪಾಸ್‌ವರ್ಡ್ ಮರತ್ರೇನು?”

“ಮರತಿಲ್ಲ. ಬರಿಯಾಕ ಬರವಲ್ದು.”

“ಜೀವಮಾನ ಪೂರ್ತಿ ಕನ್ನಡಾ ಕಲಿಸಿದ್ರಿ. ಬರಿಯಾಕ ಬರವಲ್ದಂದ್ರ ಹೆಂಗ್ರಿ?”

ಹಾಡುಗಳೆಲ್ಲ ಒಳಗೇ ಸಿಕ್ಕಿಕೊಂಡಿದ್ದವು. ಅವಳು ಚಿಗವ್ವನಿಗೆ ಮತ್ತೆ ಫೋನ್ ಮಾಡಿದರೆ, ಅವರು ಅದೇ ಹಾಡನ್ನು ಬೇರೆಯೇ ಸಾಲುಗಳಲ್ಲಿ ಹಾಡಿದರು. ಗಿರಿಜಾಳ ಕಣ್ಣಲ್ಲಿ ನೀರು ಬಂತು. ನಾನು ಕಂಪ್ಯೂಟರನ್ನು ಮಗುವಿನಂತೆ ಎತ್ತಿಕೊಂಡು ಆಟೋದಲ್ಲಿ ಶೋಭಾಳ ಕ್ಲಾಸಿಗೆ ಓಡಿದೆ.

ಅವಳು ಡಬ್ಬಿ ಬಿಚ್ಚಿ, ಡಿಸ್ಕನ್ನು ತೆಗೆದು ತನ್ನ ಕಂಪ್ಯೂಟರಿಗೆ ಜೋಡಿಸಿದಳು. ಪಾಸ್‌ವರ್ಡಿನ ಸುದ್ದಿಯೇ ಇಲ್ಲದೆ ಹಾಡುಗಳೆಲ್ಲ ಹೊರಗೆ ಬಂದವು.

“ಮತ್ತ ನನ್ನ ಪಾಸ್‌ವರ್ಡ್?”

“ಅದು ಬಾಗಲದಾಗ ಬರಾವ್ರಿಗೆ ಅಷ್ಟರಿ ಸರ್. ಕಳ್ಳರಿಗೇನು ತ್ರಾಸಿಲ್ಲ.”

ಪ್ರಿಂಟು ಹಿಡಿದು ಬಸ್ಸು ಹತ್ತಿದೆವು. ಅಕ್ಕಿಆಲೂರಿನಲ್ಲಿ ಚಿಗವ್ವ ಗಿರಿಜಾಳ ಪಕ್ಕದಲ್ಲೇ ಕುಳಿತು ಮೂರನೆಯ ಬಗೆಯಲ್ಲಿ ಹಾಡಲು ಶುರುಮಾಡಿದರು. ಗಿರಿಜಾ ಸ್ವಲ್ಪ ಹೊತ್ತು ಕಾಗದ ನೋಡಿದಳು, ಆಮೇಲೆ ಅದನ್ನು ಮಡಚಿ ತೊಡೆಯ ಕೆಳಗಿಟ್ಟು ಚಿಗವ್ವನ ಬಾಯನ್ನೇ ನೋಡುತ್ತ ಹಾಡಿದಳು. ಮದುಮಗಳು ಅರಿಷಿಣದ ಮುಖದಲ್ಲೇ ನಕ್ಕಳು.

ಈಗ ಹೊಸ ಪಾಸ್‌ವರ್ಡ್ ಇಟ್ಟವಳು ಗಿರಿಜಾ. ನನಗೆ ಹೇಳಿಲ್ಲ. ದಿನಾ ಏನಾದರೂ ಬರೆಯಲು ಕೂತಾಗ ನಾನು ಕರೆಯಬೇಕು, ಅವಳು ಕೈ ಒರೆಸಿಕೊಂಡು ಬಂದು ತೆರೆಯಬೇಕು. ಬಂದವಳು ಸುಮ್ಮನೆ ಹೋಗುವುದಿಲ್ಲ, ನಾನು ಬರೆದದ್ದನ್ನು ನಿಂತು ಓದುತ್ತಾಳೆ. ಇಷ್ಟು ವರ್ಷ ಅವಳು ಕೇಳಿರಲಿಲ್ಲ, ನಾನೂ ತೋರಿಸಿರಲಿಲ್ಲ. ಈ ಬರಹವನ್ನೂ ಓದಿದಳು.

“ಚಿಗವ್ವನ ಹಾಡಿಂದು ಚಲೋ ಐತಿ. ನಿಮ್ಮ ಶಾಣ್ಯಾತನದ್ದು ತಗದ ಬಿಡ್ರಿ.”

ಜಾಣತನವನ್ನೆಲ್ಲ ತೆಗೆದಿದ್ದೇನೆ. ಉಳಿದದ್ದು ಇಷ್ಟು.