ಅಂದಾಜು ಸಾಹೇಬರು

ಭೂಮಿತಾಯಿಯ ಹೊಟ್ಟೆಯಲ್ಲಿ ಎಷ್ಟು ಎಣ್ಣೆ ಇದೆ, ಅದರಲ್ಲಿ ಎಷ್ಟು ಮೇಲೆ ಬಂದೀತು ಎಂದು ಹೇಳಬಲ್ಲ ಮಹಾಪುರುಷರೇ ನಮ್ಮ ಅಂದಾಜು ಸಾಹೇಬರು. ಆಳದಿಂದ ತೆಗೆದ ಅಂಗೈಯಗಲದ ಕಲ್ಲಿನ ಚೂರನ್ನು ಮೂಸಿ, ಭೂತಗನ್ನಡಿಯಲ್ಲಿ ಅದರ ರಂಧ್ರಗಳನ್ನು ದಿಟ್ಟಿಸಿ, ಇಡೀ ಕಂಪನಿ ಉಸಿರು ಬಿಗಿಹಿಡಿದು ಕಾದಿರುವಾಗ ಅವರು ಒಂದಲ್ಲ, ಮೂರು ಲೆಕ್ಕ ಕೊಡುತ್ತಾರೆ: ಕನಿಷ್ಠ ಇಷ್ಟು, ಬಹುಶಃ ಇಷ್ಟು, ಅದೃಷ್ಟ ಕುದುರಿದರೆ ಇಷ್ಟು. "ಒಂದೇ ಮಾತು ಹೇಳಿ ಸಾರ್!" ಎಂದು ಮ್ಯಾನೇಜರು ಗೋಗರೆದರೆ, "ಬಾವಿ ಕೊರೆಯೋ ತನಕ ದೇವರೂ ಹೇಳಲ್ಲಪ್ಪ" ಎನ್ನುತ್ತಾರೆ. ಇದ್ದದ್ದೆಲ್ಲ ಮೇಲೆ ಬರುವುದಿಲ್ಲ, ಬಹುಪಾಲು ಬಂಡೆಗೇ ಅಂಟಿಕೊಂಡು ಕೂರುತ್ತದೆ ಎಂಬುದು ಅವರ ವೇದವಾಕ್ಯ. ಮಳೆ ಬರುತ್ತದಾ ಎಂದು ಕೇಳಿದರೂ ಮೂರು ಉತ್ತರ. ಕೂದಲು ಎಷ್ಟು ಕತ್ತರಿಸಲಿ ಎಂದರೂ ಮೂರು ಅಳತೆ. ಕೊನೆಗೆ ಕ್ಷೌರಿಕನೇ ಸೋತು ನಡುವಿನದನ್ನು ಆರಿಸುತ್ತಾನೆ. ಈ 'ಬಹುಶಃ' ಕೇಳಿ ಕೇಳಿ ರೋಸಿಹೋದ ಹೆಂಡತಿ ಅಕ್ಕನ ಮನೆ ಸೇರಿ ವರ್ಷವಾಯಿತು. "ಬಾ ಅಂತ ಒಂದು ಸಲ ನೆಟ್ಟಗೆ ಹೇಳ್ರೀ, ಈಗಲೇ ಹೊರಡ್ತೀನಿ" ಎಂದು ಆಕೆ ಫೋನಿನಲ್ಲಿ ಹೇಳಿದಾಗಲೆಲ್ಲ, ಪಾತಾಳದ ಬಂಡೆಗಳ ಬಾಯನ್ನೇ ಬಿಡಿಸಿದ ಸಾಹೇಬರು, "ಬಂದ್ರೆ... ಒಳ್ಳೇದೇ ಆಗ್ಬಹುದು" ಎನ್ನುತ್ತಾರೆ. ಆ ಕಡೆಯಿಂದ ಫೋನು ಕುಕ್ಕಿದ ಸದ್ದು ಕೇಳುತ್ತದೆ. ಸಾಹೇಬರು ಅಡುಗೆಮನೆಗೆ ಹೋಗಿ, ದಿನದಂತೆ, ಇಬ್ಬರಿಗಾಗುವಷ್ಟು ಅಕ್ಕಿ ತೊಳೆದು ಒಲೆಗಿಡುತ್ತಾರೆ. ಉಳಿದ ಅರ್ಧವನ್ನು ಮಾರನೆಯ ಬೆಳಗ್ಗೆ ನಿಂತುಕೊಂಡೇ ತಿಂದು ಆಫೀಸಿಗೆ ಹೊರಡುತ್ತಾರೆ.