ತನ್ನ ತಿಥಿಗೆ ರಜೆ ಹಾಕುತ್ತಿದ್ದ ಹಮೀರ್‌ಜಿ

ಪಿತೃಪಕ್ಷದಲ್ಲಿ ಒಂದು ದಿನ ಹಮೀರ್‌ಜಿ ಹೋಟೆಲಿಗೆ ರಜೆ ಹಾಕಿ ಮನೆಯಲ್ಲಿ ಉಪವಾಸ ಕೂರುತ್ತಿದ್ದರು. ಅದು ಅವರದೇ ತಿಥಿ. ಯಾಕೆ ಉಣ್ಣುವುದಿಲ್ಲವೆಂದು ಕೇಳಿದರೆ, "ಅಲ್ಲಿ ನಂಗೆ ಎಡೆ ಇಟ್ಟಿರ್ತಾರೆ ಮಾಣಿ. ಎರಡು ಕಡೆ ಉಂಬುದು ಸರಿಯಲ್ಲ" ಎನ್ನುತ್ತಿದ್ದರು.

ವಡೋದರದ ಮಂಜಲ್‌ಪುರದಲ್ಲಿ ಅಪ್ಪ ನಡೆಸುತ್ತಿದ್ದ ಉಡುಪಿ ಹೋಟೆಲಿನಲ್ಲಿ ದೋಸೆ ಹಿಟ್ಟು ರುಬ್ಬುವುದು ಅವರ ಕೆಲಸ. ಕನ್ನಡ ಕಲಿತದ್ದು ನಮ್ಮ ಅಡುಗೆಯವರಿಂದ. ಹಾಗಾಗಿ ಅದರಲ್ಲಿ ಕುಂದಾಪುರವೂ ಇತ್ತು, ಬೈಗುಳವೂ ಇತ್ತು. ಉದ್ದು ಹಳೆಯದೋ ಹೊಸದೋ ಎಂದು ತೊಳೆದ ನೀರು ನೋಡಿಯೇ ಹೇಳುತ್ತಿದ್ದರು.

ಗಡಿಯಾಚೆಯ ಮರುಭೂಮಿಯ ಹಿಂದೂ ಮನೆತನ ಅವರದು; ಇಪ್ಪತ್ತರ ಹರೆಯದಲ್ಲಿ ಅವರು ಪಾಕಿಸ್ತಾನದ ಗಡಿ ಪಡೆಯ ಸಿಪಾಯಿ. ಎಪ್ಪತ್ತೊಂದರ ಯುದ್ಧ ಶುರುವಾದ ವಾರದಲ್ಲೇ ಬಂದೂಕಿನ ಸಮೇತ ಮರಳು ದಾಟಿ ಬಂದು ನಮ್ಮವರಿಗೆ ಶರಣಾದರು. ದೇಶಪ್ರೇಮದ ಕತೆ ಹೇಳಲಿ ಎಂದು ಗಿರಾಕಿಗಳು ಎಷ್ಟು ಕೆದಕಿದರೂ ಅವರದು ಒಂದೇ ಉತ್ತರ: ಜೀವದ ಆಸೆ, ಬೇರೇನಿಲ್ಲ. ಆಚೆ ಹದಿನೇಳರ ಹೆಂಡತಿ ಕೇಸರ್ ಇದ್ದಳು. ದ್ರೋಹಿಯ ಮನೆಯೆಂದು ಸರ್ಕಾರ ಕಾಡೀತು ಎಂಬ ಭಯಕ್ಕೆ ಇವರ ಅಣ್ಣ ತನ್ನ ತಮ್ಮ ಯುದ್ಧದಲ್ಲಿ ಸತ್ತನೆಂದು ಸಾರಿ ಹನ್ನೆರಡನೆಯ ದಿನದ ಊಟ ಹಾಕಿಸಿಬಿಟ್ಟ. ಕೇಸರ್ ನಂಬಿ ಬಳೆ ಒಡೆದುಕೊಂಡಳು. ಯಾವುದೋ ಮದುವೆ ದಿಬ್ಬಣದಲ್ಲಿ ಗಡಿ ದಾಟಿ ಈಚೆ ಬಂದ ನೆಂಟರಿಂದ ಇದು ತಿಳಿಯುವಷ್ಟರಲ್ಲಿ ಹಮೀರ್‌ಜಿ ಇಲ್ಲಿ ಜಮನಾಬೆನ್‌ರನ್ನು ಮದುವೆಯಾಗಿ ಮಗಳನ್ನು ಎತ್ತಿಕೊಂಡಿದ್ದರು. ಸತ್ತವನಾಗಿಯೇ ಉಳಿದುಬಿಟ್ಟರು. ನನಗೆ ಅವರ ಮೇಲೆ ಎಷ್ಟು ಪ್ರೀತಿಯಿದ್ದರೂ ಇದೊಂದನ್ನು ಒಪ್ಪಲಾಗಲಿಲ್ಲ.

ಕೆಲವು ವರ್ಷಗಳ ಹಿಂದೆ ಆ ಅಣ್ಣನ ಮಗ ಫೋನು ಮಾಡಿದ. ಕೇಸರ್‌ಳನ್ನು ಅಹಮದಾಬಾದಿನ ನೆಂಟರ ಮನೆಗೆ ಕರೆತಂದಿದ್ದೇನೆ, ಅಲ್ಲಿಂದ ಹರಿದ್ವಾರಕ್ಕೆ ಹೊರಟಿದ್ದೇವೆ, ನೀವು ಬದುಕಿರುವುದನ್ನು ಅವಳಿಗೆ ಈಗಷ್ಟೇ ಹೇಳಿದೆ ಎಂದ. ಹಮೀರ್‌ಜಿ ಜೊತೆಗೆ ನನ್ನನ್ನು ಕರೆದರು. ಜಮನಾಬೆನ್ ದಾರಿಗೆಂದು ಮೆಂತ್ಯಸೊಪ್ಪಿನ ರೊಟ್ಟಿ, ಥೇಪ್ಲಾ, ಕಟ್ಟಿಕೊಟ್ಟರು. ಯಾರ ದಾರಿಗೆ ಎಂದು ಹೇಳಲಿಲ್ಲ.

ಅಹಮದಾಬಾದಿನ ಸ್ಟೇಷನ್ನಿನಲ್ಲಿ ಗಂಟಿನ ಮೇಲೆ ಕೂತಿದ್ದ ಬಿಳಿ ಬಟ್ಟೆಯ ಮುದುಕಿ ಇವರನ್ನು ಕಂಡದ್ದೇ ತಲೆಯ ಸೆರಗನ್ನು ಮುಖದ ಮೇಲಿಂದ ಎದೆಯವರೆಗೆ ಎಳೆದುಕೊಂಡಳು. ನಾಲ್ಕು ಜನರ ಮುಂದೆ ಗಂಡನಿಗೆ ಮುಖ ತೋರಿಸದ, ನೇರವಾಗಿ ಮಾತಾಡದ ಪದ್ಧತಿ ಅವರದು. ಅವಳ ಮಾತು ಗುಜರಾತಿ ಭಾಷೆಗೆ ಹತ್ತಿರವಾದ್ದರಿಂದ ನನಗೂ ತಿಳಿಯಿತು.

"ಅವರನ್ನು ಕೇಳು," ಎಂದಳು ಅಣ್ಣನ ಮಗನಿಗೆ. "ಅವರ ಹೆಸರಲ್ಲಿ ಪಿಂಡಪ್ರದಾನ ಮಾಡಬೇಕು ಅಂತ ಮನೆ ಬಿಟ್ಟೆ. ಮಾಡಲೋ, ಬೇಡವೋ?"

ಬೇಡ ಎಂದರೆ ಅವಳು ಐವತ್ತು ವರ್ಷ ಸುಮ್ಮನೆ ಬಿಳಿ ಉಟ್ಟಂತೆ. ಮಾಡು ಎಂದರೆ ಆ ಸುಳ್ಳಿಗೆ ಇವರೇ ರುಜು ಹಾಕಿದಂತೆ. ಹಮೀರ್‌ಜಿ ಅಣ್ಣನ ಮಗನ ಕಡೆ ತಿರುಗಿ, "ಮಾಡಲಿ" ಎಂದರು. ರೈಲು ಬಂತು. ಅವಳು ಸೆರಗು ತೆಗೆಯದೆಯೇ ಹತ್ತಿದಳು.

ವಡೋದರದ ಬಸ್ಸಿನಲ್ಲಿ ಥೇಪ್ಲಾ ಡಬ್ಬಿ ಅವರ ತೊಡೆಯ ಮೇಲೇ ಇತ್ತು. "ಒಂದೇ ಸಲ ಓಡಿದ್ದು ಅಂದ್ಕೊಂಡಿದ್ದೆ ಮಾಣಿ. ಇವತ್ತೂ ಓಡಿದೆ" ಎಂದರು. ನನಗೆ ಸಿಟ್ಟು ಬಂದಿತ್ತು.

ಕಳೆದ ಚಳಿಗಾಲದಲ್ಲಿ ಹಮೀರ್‌ಜಿ ತೀರಿಕೊಂಡರು. ಕೇಸರ್‌ಗೆ ತಿಳಿಸಬೇಕೇ ಎಂದು ಜಮನಾಬೆನ್‌ರನ್ನು ಕೇಳಿದೆ. ಅವರು ಬಳೆ ತೆಗೆದ ತಮ್ಮ ಬರಿಗೈಗಳನ್ನು ನೋಡಿಕೊಂಡರು.

"ಬೇಡ ಬೇಟಾ," ಎಂದರು. "ಒಬ್ಬನಿಗಾಗಿ ಅವಳು ಎಷ್ಟು ಸಲ ವಿಧವೆಯಾಗಬೇಕು?"