ಚೆಂಡು ತಾಗಿದ ಮಾತ್ರಕ್ಕೆ ಬೇಸ್ ಕೊಡದ ಅಕ್ಕ

ಸೂರ್ಯ ಇನ್ನೂ ನೀರಿನ ಟ್ಯಾಂಕಿನ ಹಿಂದೆಯೇ ಇದ್ದಾನೆ. ಮೈದಾನದ ಹುಲ್ಲು ಒದ್ದೆ. ಹೆಂಗಸೊಬ್ಬರು ಮಂಡಿಯೂರಿ ಕುಳಿತು, ಬ್ಯಾಟ್ ಹಿಡಿದವರು ನಿಲ್ಲುವ ಜಾಗದ ಹೋಮ್ ಪ್ಲೇಟಿನ ಮೇಲಿನ ಮಣ್ಣನ್ನು ಪುಟ್ಟ ಬ್ರಷ್ಷಿನಿಂದ ಗುಡಿಸುತ್ತಿದ್ದಾರೆ. ಎದೆಗೆ ದಪ್ಪ ಕವಚ, ಕೊರಳಲ್ಲಿ ತೆಗೆದಿಡಲು ಮರೆತ ಅಳತೆ ಟೇಪು. ಬ್ರಷ್ಷು ಹೊಲಿಗೆ ಯಂತ್ರದ ಧೂಳು ತೆಗೆಯುವಂಥದ್ದು. ವಾರವಿಡೀ ಅದಕ್ಕೆ ಅಂಗಡಿಯ ಕೆಲಸ, ಭಾನುವಾರ ಬೇಸ್‌ಬಾಲ್ ಚಾಕರಿ.

ಇವರನ್ನು ಎಲ್ಲರೂ ಕರೆಯುವುದು ಅಕ್ಕ ಎಂದೇ. ಮಾರುಕಟ್ಟೆಯ ಹಿಂದಿನ ಓಣಿಯಲ್ಲಿ ಟೈಲರ್ ಅಂಗಡಿ ಇದೆ. ಬಸ್ ಡ್ರೈವರ್‌ಗಳು, ಬೇಕರಿಯವರು, ಆಸ್ಪತ್ರೆಯ ವಾರ್ಡಿನವರು ಸೇರಿ ಆಡುವ ಹವ್ಯಾಸಿ ಲೀಗ್‌ಗೆ ಇವರೇ ಅಂಪೈರ್. ಹೊಲಿದ ಅಂಗಿಗಳ ಗಂಟು ಕೊಡಲು ಬಂದ ದಿನ ಹಳೆಯ ಅಂಪೈರ್ ಕೈಕೊಟ್ಟಿದ್ದರಂತೆ. "ಎರಡೂ ತಂಡದವರು ನಿಮಗೆ ಗೊತ್ತು, ನೀವೇ ನಿಲ್ಲಿ ಅಂದ್ರು. ನಂಗೆ ಆಟ ಗೊತ್ತಿಲ್ಲ ಅಂದೆ. ನಮಗೂ ಅಷ್ಟಕ್ಕಷ್ಟೇ ಅಂದ್ರು," ಎಂದು ನಗುತ್ತಾರೆ. ಆ ರಾತ್ರಿಯೇ ನಿಯಮದ ಪುಸ್ತಕ ಹಿಡಿದು ಕೂತವರು ಇವತ್ತಿಗೂ ಬಿಟ್ಟಿಲ್ಲ.

ಆಟದಲ್ಲಿ ಇವರ ತಲೆ ತಿನ್ನುವ ಸಂಗತಿ ಒಂದೇ. ಪಿಚರ್ ಎಸೆದ ಚೆಂಡು ಬ್ಯಾಟ್ ಹಿಡಿದವನ ಮೈಗೆ ತಾಗಿದರೆ ಅವನು ಆರಾಮವಾಗಿ ಮೊದಲ ಬೇಸ್‌ಗೆ ನಡೆದು ಹೋಗಬಹುದು. ಎಲ್ಲರಿಗೂ ನೆನಪಿರುವುದು ಇಷ್ಟೇ, ಮುಂದಿನದು ಯಾರಿಗೂ ಬೇಡ. "ಬ್ಯಾಟ್ ಬೀಸಿದಾಗ ತಾಗಿದ್ರೆ ಅದು ಸ್ಟ್ರೈಕ್, ಅಂಥವು ಮೂರಾದ್ರೆ ಔಟ್. ನೆಟ್ಟಗೆ ಪ್ಲೇಟಿನ ಮೇಲೆ ಬರೋ ಒಳ್ಳೇ ಚೆಂಡಿಗೆ ಮೈ ಕೊಟ್ರೆ ಅದೂ ಸ್ಟ್ರೈಕ್. ಹೊರಗಿನ ಚೆಂಡಾದ್ರೂ ತಪ್ಪಿಸ್ಕೊಳ್ಳೋಕೆ ನೋಡ್ಬೇಕು, ಸುಮ್ನೆ ಕಂಬದ ಹಾಗೆ ನಿಂತ್ರೆ ಬೇಸ್ ಸಿಗಲ್ಲ. ಇದನ್ನ ಹೇಳಿ ಹೇಳಿ ನನ್ನ ಗಂಟಲು ಹರಿದಿದೆ," ಎನ್ನುತ್ತಾರೆ.

ಅರ್ಧಂಬರ್ಧ ತಿಳಿವಳಿಕೆಯ ತಮಾಷೆ ಇವರ ಅಂಗಡಿಗೂ ಬರುತ್ತದೆ. ಬಟ್ಟೆಗೆ ತಾಗಿದರೂ ತಾಗಿದ ಲೆಕ್ಕವೇ ಎಂದು ಯಾರೋ ಹೇಳಿದ್ದೇ ತಡ, ಆಟಗಾರರು ಅಂಗಿ ಹಿಡಿದು ಸಾಲುಗಟ್ಟಿದರು, ತೋಳು ಅಗಲ ಮಾಡಿಕೊಡಿ ಎಂದು. "ಹಾರಾಡೋ ತೋಳಿಗೆ ಚೆಂಡು ಸವರಿಕೊಂಡು ಹೋಗ್ಲಿ ಅಂತ ಆಸೆ. ನಾನೇ ಹೊಲಿದು, ನಾನೇ ತೀರ್ಪು ಕೊಡ್ಬೇಕಾ? ನಡೀರಿ ಆಚೆ ಅಂದೆ."

ಅಕ್ಕ ಎನ್ನುವ ಇಷ್ಟು ಜನರಲ್ಲಿ ಒಡಹುಟ್ಟಿದವನು ಒಬ್ಬನೇ. ಡ್ರೈವರ್‌ಗಳ ತಂಡದ ನಾಯಕ. ಮೈದಾನದಲ್ಲಿ ಅವನು ಮಾತ್ರ ಇವರನ್ನು ಅಂಪೈರ್ ಎಂದು ಕರೆಯುತ್ತಿದ್ದ. ಕಳೆದ ವರ್ಷದ ಫೈನಲ್‌ನಿಂದ ಅದನ್ನೂ ಕರೆಯುತ್ತಿಲ್ಲ.

ಬೇಕರಿಯವರ ಎದುರಿನ ಆ ಫೈನಲ್‌ನ ಕೊನೆಯ ಗಳಿಗೆಯಲ್ಲಿ ಮೂರೂ ಬೇಸ್ ಭರ್ತಿ, ಓಟ ಎರಡೂ ಕಡೆ ಸಮಸಮ. ತಮ್ಮನಿಗೆ ಮೊದಲ ಬೇಸ್ ಸಿಕ್ಕರೆ ಮುಂದಿದ್ದವರೆಲ್ಲ ಒಂದೊಂದು ಬೇಸ್ ಸರಿದು ಗೆಲುವಿನ ಓಟ ಬರುತ್ತಿತ್ತು. ಆದರೆ ಅವನಿಗೆ ಆಗಲೇ ಎರಡು ಸ್ಟ್ರೈಕ್ ಬಿದ್ದಿದ್ದವು. ಅವನು ಬ್ಯಾಟ್ ಬೀಸಿದ, ಚೆಂಡು ಬ್ಯಾಟಿಗೆ ಸಿಗದೆ ಮಣಿಕಟ್ಟಿಗೆ ಬಡಿಯಿತು. ಗೆದ್ದೆವೆಂದು ಬ್ಯಾಟ್ ಎಸೆದು ಕುಣಿಯುತ್ತಾ ಮೊದಲ ಬೇಸ್‌ಗೆ ಓಡಿದ, ತಂಡ ಅವನನ್ನು ಹೆಗಲ ಮೇಲೆ ಎತ್ತಿಯೂ ಆಯಿತು. ಹೆಗಲ ಮೇಲಿದ್ದಾಗಲೇ ಅಕ್ಕ ಕೂಗಿದರು, ಔಟ್. ಮುಂದಿನ ಸರದಿಯಲ್ಲಿ ಬೇಕರಿಯವರು ಗೆದ್ದರು. ಅವತ್ತು ಸಂಜೆ ಊದಿದ ಮಣಿಕಟ್ಟಿಗೆ ಪಟ್ಟಿ ಕಟ್ಟಲು ಹೋದ ಅಕ್ಕನಿಗೆ ಅವನು ಬಾಗಿಲು ತೆರೆಯಲಿಲ್ಲ. "ನಂಗೂ ಬೇಜಾರಾಯ್ತು. ಆದ್ರೆ ತೀರ್ಪು ಸರಿ ಇತ್ತು," ಎನ್ನುತ್ತಾರೆ.

ಈ ಲೀಗ್‌ನಲ್ಲಿ ಒಂದು ಪದ್ಧತಿ ಇದೆ. ಫೈನಲ್‌ಗೆ ನಿಲ್ಲುವ ಅಂಪೈರನ್ನು ಎರಡೂ ನಾಯಕರು ಒಪ್ಪಬೇಕು. ಈ ಸಲವೂ ಫೈನಲ್ ಇದೇ ಎರಡು ತಂಡಗಳ ನಡುವೆ. ಬೇಕರಿಯವರ ನಾಯಕ ಒಪ್ಪಿದ್ದಾನೆ. ಅಕ್ಕನ ತಮ್ಮ ಇನ್ನೂ ಒಪ್ಪಿಗೆ ಕೊಟ್ಟಿಲ್ಲ. ಅವನು ಒಲ್ಲೆ ಎಂದರೆ ಊರೆಲ್ಲ ಅಕ್ಕನ ಕಳೆದ ವರ್ಷದ ತೀರ್ಪೇ ತಪ್ಪು ಎಂದುಕೊಳ್ಳುತ್ತದೆ.

ಫೈನಲ್‌ಗೆ ಮುಂಚಿನ ಕೊನೆಯ ಆಟ ಇವತ್ತು, ಡ್ರೈವರ್‌ಗಳಿಗೂ ವಾರ್ಡಿನವರಿಗೂ. ಬ್ಯಾಟ್ ಹಿಡಿದು ನಿಂತಿರುವವನು ತಮ್ಮ. ಅಂಗಿಯ ತೋಳು ಗಾಳಿಗೆ ಪಟಪಟ ಎನ್ನುತ್ತಿದೆ. ಅಕ್ಕನ ಕಣ್ಣು ಒಂದು ಕ್ಷಣ ಆ ತೋಳಿನ ಮೇಲೆಯೇ ನಿಲ್ಲುತ್ತದೆ. ಪಿಚರ್ ಎಸೆದ ಚೆಂಡು ಮೊದಲೇ ನೆಲಕ್ಕೆ ಬಿದ್ದು ಪುಟಿಯುತ್ತದೆ. ತಮ್ಮ ಹಾರಿ ತಪ್ಪಿಸಿಕೊಳ್ಳಲು ನೋಡುತ್ತಾನೆ, ಚೆಂಡು ಕಾಲಿನ ಗಂಟಿಗೆ ಬಡಿಯುತ್ತದೆ. ಅವನು ಕಾಲು ನೀವಿಕೊಂಡು ಮತ್ತೆ ಬ್ಯಾಟ್ ಎತ್ತುತ್ತಾನೆ.

"ಮೊದಲ ಬೇಸ್," ಎಂದು ಅಕ್ಕ ಕೈ ತೋರಿಸುತ್ತಾರೆ.

ವಾರ್ಡಿನವರು ಗದ್ದಲ ಎಬ್ಬಿಸುತ್ತಾರೆ, ನೆಲ ಮುಟ್ಟಿದ ಚೆಂಡಿಗೆ ಬೇಸ್ ಎಲ್ಲಿಂದ ಬಂತು ಎಂದು. ವಿಚಿತ್ರವೆಂದರೆ ತಮ್ಮನೂ ಅಲುಗುವುದಿಲ್ಲ. ವರ್ಷದ ಮೇಲೆ ಅವನು ಅಕ್ಕನ ಜೊತೆ ಆಡುವ ಮೊದಲ ಮಾತು ಇದು: "ನಂಗೆ ಯಾರ ದಾನವೂ ಬೇಡ."

"ದಾನ ಅಲ್ಲ ಕಣೋ, ನಿಯಮ. ಪುಟಿದು ಬಂದ್ರೂ ಪಿಚರ್ ಎಸೆದ ಚೆಂಡೇ ಅದು. ನೀನು ಬೀಸಿಲ್ಲ, ತಪ್ಪಿಸ್ಕೊಳ್ಳೋಕೆ ನೋಡ್ದೆ. ಹೋಗು."

"ಹೋದ ವರ್ಷ ಕೊಡ್ಲಿಲ್ಲ."

"ಹೋದ ವರ್ಷ ಬೀಸಿದ್ದೆ."

ಅವನು ಅಕ್ಕನ ಮುಖ ನೋಡುತ್ತಾನೆ, ಆಮೇಲೆ ತನ್ನ ಮಣಿಕಟ್ಟು. ಬ್ಯಾಟ್ ಕೆಳಗಿಟ್ಟು ಕುಂಟುತ್ತಾ ಮೊದಲ ಬೇಸ್‌ಗೆ ಹೋಗುತ್ತಾನೆ. ನನಗಂತೂ ಎದ್ದು ಚಪ್ಪಾಳೆ ತಟ್ಟುವ ಹಾಗಾಯಿತು, ಪತ್ರಕರ್ತನ ಗಾಂಭೀರ್ಯಕ್ಕೆ ಕಟ್ಟುಬಿದ್ದು ಕೂತೆ.

ಸಂಜೆ ಅಂಗಡಿಯಲ್ಲಿ ಅಕ್ಕ ಮೊಣಕಾಲಿಗೆ ಎಣ್ಣೆ ಹಚ್ಚಿಕೊಳ್ಳುತ್ತಾ ನನ್ನ ಪ್ರಶ್ನೆಗಳಿಗೆ ಉತ್ತರಿಸುತ್ತಿದ್ದಾರೆ. ಬಾಗಿಲಲ್ಲಿ ತಮ್ಮ. ಮಡಚಿದ ಅಂಗಿಯನ್ನು ಮೇಜಿನ ಮೇಲಿಟ್ಟು, "ತೋಳು ಚಿಕ್ಕದು ಮಾಡ್ಕೊಡು," ಎನ್ನುತ್ತಾನೆ.

ಅಕ್ಕ ಅಂಗಿಯನ್ನು ಒಳಮಗ್ಗುಲಿಗೆ ತಿರುಗಿಸುತ್ತಾರೆ. "ಬೇರೆ ಟೈಲರ್ ಹತ್ರ ಹೋಗಿದ್ದೆ. ಅಗಲ ಯಾಕೆ ಮಾಡಿಸ್ದೆ ಅಂತ ಕೇಳಲ್ಲ. ಇಷ್ಟು ಸೊಟ್ಟ ಹೊಲಿಗೆಗೆ ಯಾಕೆ ಸುಮ್ನಿದ್ದೆ ಅಂತ ಕೇಳ್ತೀನಿ."

ನಗು ತಡೆಯಲಾರದೆ ತಮ್ಮ ಸ್ಟೂಲಿನ ಮೇಲೆ ಕೂರುತ್ತಾನೆ. "ಫೈನಲ್‌ಗೆ ಮುಂಚೆ ಕೊಡು. ಆ ಕಡೆಯವರಿಗೆ ಹೇಳಿ ಬಂದಿದೀನಿ, ಅಂಪೈರ್ ನೀನೇ ಅಂತ."

ಅಕ್ಕ ಸೂಜಿಗೆ ದಾರ ಪೋಣಿಸಲು ಹೋಗುತ್ತಾರೆ. ದಾರ ಬೇಗ ಒಳಗೆ ಹೋಗುವುದಿಲ್ಲ. ಫೈನಲ್ ದಿನ ಏನಾಗಲಿ ಅಂತ ನಿಮ್ಮ ಆಸೆ ಎಂದು ನಾನು ಕೇಳಿದೆ.

"ಚೆಂಡು ಇವನ ಹತ್ರ ಸುಳೀದೇ ಇರ್ಲಿ, ಅಷ್ಟೇ."

"ಬಂದ್ರೆ?" ಎನ್ನುತ್ತಾನೆ ತಮ್ಮ.

"ಮೊದ್ಲು ತಪ್ಪಿಸ್ಕೊಳ್ಳೋಕೆ ನೋಡು. ಆಮೇಲೂ ತಾಗಿದ್ರೆ ನಾನಿದೀನಲ್ಲ."